ಮಂಚದ ಕೆಳಗಿನ ಪ್ರಕಾಶನ

ಕಾದಂಬರಿಯ ಕೊನೆಯ ಸಾಲಿಗೆ ಪೂರ್ಣವಿರಾಮ ಇಟ್ಟ ಕನ್ನಡ ಲೇಖಕನಿಗೆ ಮರುದಿನವೇ ಎರಡು ಚಿಂತೆ ಹತ್ತಿಕೊಳ್ಳುತ್ತವೆ. ಮುನ್ನುಡಿ ಯಾರಿಂದ ಬರೆಸುವುದು, ಪುಸ್ತಕ ಯಾರಿಂದ ತರಿಸುವುದು. ಮೊದಲನೆಯದು ಹೇಗೋ ಬಗೆಹರಿಯುತ್ತದೆ. ಹಸ್ತಪ್ರತಿ ತೆರೆಯದೆಯೇ ಆರು ಪುಟ ಬರೆದುಕೊಡಬಲ್ಲ ಹಿರಿಯರು ಜಿಲ್ಲೆಗೆ ಇಬ್ಬರಾದರೂ ಇರುತ್ತಾರೆ. ಎರಡನೆಯದಕ್ಕೆ ಅವನು ಅನುಭವಸ್ಥರನ್ನು ಹುಡುಕಿಕೊಂಡು ಹೊರಡುತ್ತಾನೆ. ಪ್ರಕಾಶಕರಿಗೆ ಪುಸ್ತಕ ಕೊಟ್ಟವರು ‘ನೀವೇ ಮಾಡಿಕೊಳ್ಳಿ ಸಾರ್, ಲೆಕ್ಕವಾದರೂ ಕೈಯಲ್ಲಿರುತ್ತೆ’ ಅನ್ನುತ್ತಾರೆ. ತಾವೇ ಮಾಡಿಕೊಂಡವರು ‘ಯಾರಾದರೂ ಪ್ರಕಾಶಕರಿಗೆ ಕೊಟ್ಟು ಕೈತೊಳೆದುಕೊಳ್ಳಿ, ಮನೆಯಲ್ಲಿ ನೆಮ್ಮದಿಯಾದರೂ ಇರುತ್ತೆ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪ್ರಕಾಶಕರ ಕಡೆಯ ಲೆಕ್ಕ ಸರಳ. ಪುಸ್ತಕದ ಮುಖಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳಿ. ರೂಢಿಯ ರಾಯಲ್ಟಿ ನೂರಕ್ಕೆ ಹತ್ತು, ಅಂದರೆ ಪ್ರತಿಗೆ 20 ರೂಪಾಯಿ. ಒಂದು ಕಾಲಕ್ಕೆ ಮೊದಲ ಮುದ್ರಣವೆಂದರೆ ಸಾವಿರ ಪ್ರತಿ. ಈಗ ಐನೂರು, ಡಿಜಿಟಲ್ ಮುದ್ರಣ ಬಂದಮೇಲೆ ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಐನೂರೂ ಖರ್ಚಾದರೆ ಲೇಖಕನ ಪಾಲು 10,000 ರೂಪಾಯಿ. ಎರಡು ಮೂರು ವರ್ಷ ಕೂತು ಬರೆದದ್ದಕ್ಕೆ ಇಷ್ಟೇ ಎಂದು ಯಾರಾದರೂ ಮರುಗುವ ಮುನ್ನ ಬಿಡುಗಡೆ ಸಮಾರಂಭ ಬಂದುಬಿಡುತ್ತದೆ. ಸಭಾಂಗಣದ ಬಾಡಿಗೆ, ಶಾಲು, ಹಾರ, ಅತಿಥಿಗಳಿಗೆ ಕಾರು, ಬಂದವರಿಗೆಲ್ಲ ಕೇಸರಿಬಾತು, ಉಪ್ಪಿಟ್ಟು. ಇದರಲ್ಲಿ ದೊಡ್ಡ ಪಾಲು ಲೇಖಕನ ಜೇಬಿನಿಂದಲೇ ಹೋಗುವುದು ಬೆಂಗಳೂರಿನಲ್ಲೂ ಉಂಟು, ತಾಲ್ಲೂಕು ಕೇಂದ್ರದಲ್ಲೂ ಉಂಟು. ರಾಯಲ್ಟಿ ಕೈಗೆ ಬರುವ ಮೊದಲೇ ಉಪ್ಪಿಟ್ಟಾಗಿರುತ್ತದೆ.

ಎಷ್ಟೋ ಕಡೆ ಹಣದ ಮಾತೇ ಏಳುವುದಿಲ್ಲ. ರಾಯಲ್ಟಿ ಬದಲು ಇಪ್ಪತ್ತೈದೋ ಐವತ್ತೋ ಪ್ರತಿ ಕೊಡುತ್ತಾರೆ. ಲೇಖಕ ಅವನ್ನು ಮನೆಗೆ ತಂದು ‘ಪ್ರೀತಿಯಿಂದ’ ಎಂದು ಸಹಿ ಹಾಕಿ ಬಂಧುಬಳಗಕ್ಕೆ ಹಂಚುತ್ತಾನೆ. ಕಾಸು ಕೊಟ್ಟು ಕೊಳ್ಳಬಹುದಾಗಿದ್ದ ಐವತ್ತು ಜನ ಹೀಗೆ ಒಂದೇ ವಾರದಲ್ಲಿ ಮಾರುಕಟ್ಟೆಯಿಂದ ಮಾಯವಾಗುತ್ತಾರೆ.

ಹಾಗೆಂದು ಪ್ರಕಾಶಕರನ್ನು ಬೈದು ಪ್ರಯೋಜನವಿಲ್ಲ. ಅಂಗಡಿಯವರ ಮತ್ತು ವಿತರಕರ ಕಮಿಷನ್ ಮುಖಬೆಲೆಯ ಮೂರನೇ ಒಂದು ಪಾಲನ್ನೂ ಮೀರುತ್ತದೆ. ಕಾಗದ, ಬೈಂಡಿಂಗು, ಗೋದಾಮಿನ ಬಾಡಿಗೆ ಕಳೆದು ಉಳಿದದ್ದರಲ್ಲಿ ಅವರ ಸಂಸಾರವೂ ನಡೆಯಬೇಕು. ಅವರು ಕಣ್ಣಿಟ್ಟು ಕಾಯುವುದು ಓದುಗನಿಗಲ್ಲ, ಗ್ರಂಥಾಲಯ ಇಲಾಖೆಗೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಒಂದು ಕಾದಂಬರಿಯನ್ನೂ ಓದದ ಮನೆ ಮಾಲೀಕ ಹೀಗೆ ತನಗೇ ತಿಳಿಯದಂತೆ ಕನ್ನಡ ಸಾಹಿತ್ಯದ ಪೋಷಕನಾಗಿದ್ದಾನೆ. ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿಯನ್ನು ಇಲಾಖೆ ಕೊಂಡರೆ ಪ್ರಕಾಶಕರು ಉಸಿರು ಬಿಡುತ್ತಾರೆ. ಅದರ ಹಣ ಬರುವವರೆಗೆ ಬಿಗಿಹಿಡಿಯಬೇಕಾದ ಉಸಿರು ಬೇರೆ. ಇಲಾಖೆ ಕೊಡುವ ಬೆಲೆಯೂ ಪುಟದ ಲೆಕ್ಕದ್ದು. ಕೆಲವು ಪುಸ್ತಕಗಳ ಅಂಚು ಅಷ್ಟು ಅಗಲ, ಅಕ್ಷರ ಅಷ್ಟು ದಪ್ಪ ಏಕೆಂದು ಯಾರಾದರೂ ಯೋಚಿಸಿದ್ದರೆ, ಅದು ಓದುಗರ ಕಣ್ಣಿನ ಮೇಲಿನ ಕರುಣೆಯೊಂದರಿಂದಲೇ ಆದದ್ದಲ್ಲ.

ಹಾಗಾದರೆ ಪ್ರಕಾಶಕರಿಂದ ನಿಜಕ್ಕೂ ನಿರೀಕ್ಷಿಸಬೇಕಾದದ್ದು ಏನು? ಧಾರವಾಡದ ಸುಭಾಸ ರಸ್ತೆಯ ‘ಅಟ್ಟ’ ಹತ್ತಿದರೆ ಉತ್ತರ ಸಿಗುತ್ತದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ, ಆ ಅಟ್ಟವೇ ನೆಲೆಯಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆದ ಸಂಸ್ಥೆ. ಬಂದ ಹಸ್ತಪ್ರತಿಗಳನ್ನು ಓದಿ, ಮುಖ ನೋಡದೆ ಅಭಿಪ್ರಾಯ ಹೇಳಲು ಅಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರಿದ್ದರು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ‘ಈ ಅಧ್ಯಾಯ ಬೇಡ, ತೆಗೆದುಹಾಕಿ’ ಎಂದು ಹೇಳುವ ಒಬ್ಬ ಮನುಷ್ಯ ಸಿಗುವುದಾದರೆ, ಹತ್ತು ಸಾವಿರದ ರಾಯಲ್ಟಿಯನ್ನು ಮರೆತೂ ಪ್ರಕಾಶಕರ ಬಳಿ ಹೋಗಬಹುದು. ಹಸ್ತಪ್ರತಿಯಲ್ಲಿ ಒಂದು ಅಲ್ಪವಿರಾಮವನ್ನೂ ಮುಟ್ಟದೆ, ಡಿಟಿಪಿ ಮಾಡಿದ ಹುಡುಗನ ತಪ್ಪನ್ನೂ ಹಾಗೇ ಉಳಿಸಿಕೊಂಡು, ಮುಖಪುಟಕ್ಕೆ ಒಂದು ಸೂರ್ಯಾಸ್ತ ಅಂಟಿಸಿಕೊಡುವವರು ಲೆಟರ್‌ಹೆಡ್ ಇರುವ ಮುದ್ರಕರಷ್ಟೆ.

ಪ್ರಕಾಶಕರು, ಸ್ವಂತ ಪ್ರಕಟಣೆ ಎಂಬ ಎರಡು ದಾರಿಯ ನಡುವೆ ಮೂರನೆಯದೊಂದು ಹುಟ್ಟಿಕೊಂಡಿದೆ. ಇಲ್ಲಿ ಹಸ್ತಪ್ರತಿ ಕಳಿಸಿದ ದಿನವೇ ‘ಅದ್ಭುತ’ ಎಂದು ಉತ್ತರ ಬರುತ್ತದೆ, ಮರುದಿನ ಪ್ಯಾಕೇಜುಗಳ ಪಟ್ಟಿ ಬರುತ್ತದೆ. ಬೆಳ್ಳಿ, ಚಿನ್ನ, ವಜ್ರ. ವಜ್ರಕ್ಕೆ ಹಣ ಕಟ್ಟಿದರೆ ಪ್ರಶಸ್ತಿಗೂ ಪುಸ್ತಕ ಕಳಿಸಿಕೊಡುತ್ತಾರೆ. ಪ್ರಕಾಶಕರ ಹೆಸರು ಅವರದು, ಖರ್ಚು ಲೇಖಕನದು, ಹಕ್ಕು ಯಾರದೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಲೇಖಕ ದುಡ್ಡು ಕೊಡಬೇಕಾದ ಕಡೆ ಅವನು ಲೇಖಕನಲ್ಲ, ಗಿರಾಕಿ.

ಸ್ವಂತ ಪ್ರಕಟಣೆಯೆಂದರೆ ಮೂಗು ಮುರಿಯುವವರಿಗೆ ಕನ್ನಡದ ಇತಿಹಾಸ ನೆನಪಿರುವುದಿಲ್ಲ. ಗಳಗನಾಥರು ಕಾದಂಬರಿ ಬರೆದು, ಅಚ್ಚುಮಾಡಿಸಿ, ಗಂಟು ಕಟ್ಟಿ ಹೊತ್ತುಕೊಂಡು ಊರೂರು ನಡೆದು ಮಾರಿದರು. ‘ರತ್ನನ ಪದಗಳು’ ಬರೆದ ಜಿ.ಪಿ. ರಾಜರತ್ನಂ ಹೋದಲ್ಲೆಲ್ಲ ಪುಸ್ತಕ ಹೊತ್ತೊಯ್ದು ಸಂಕೋಚವಿಲ್ಲದೆ ಮಾರಿದರು. ಕುವೆಂಪು ಅವರ ಮೈಸೂರಿನ ಮನೆಯ ಹೆಸರು ಉದಯರವಿ. ಅವರ ಕೃತಿಗಳನ್ನು ತಂದ ಪ್ರಕಾಶನದ ಹೆಸರೂ ಅದೇ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು. ಕುವೆಂಪು ಅವರ ಮಗನೂ ತಂದೆಯ ಹಾದಿಯನ್ನೇ ಹಿಡಿದರು: ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಬಂದದ್ದು ‘ಪುಸ್ತಕ ಪ್ರಕಾಶನ’ದಿಂದ. ನಮ್ಮ ಕಾಲದ ವಸುಧೇಂದ್ರ ಛಂದ ಪುಸ್ತಕ ಕಟ್ಟಿ ತಮ್ಮ ಪುಸ್ತಕಗಳ ಜೊತೆ ಹೊಸ ಕತೆಗಾರರ ಸಂಕಲನಗಳನ್ನೂ ಸ್ಪರ್ಧೆಯಿಟ್ಟು ಆರಿಸಿ ತರುತ್ತ ಬಂದಿದ್ದಾರೆ.

ಈ ಪಟ್ಟಿ ಓದಿ ಎದೆಯುಬ್ಬಿಸಿಕೊಳ್ಳುವ ಹೊಸ ಲೇಖಕ ಒಂದು ಸಂಗತಿಯನ್ನು ನಾಜೂಕಾಗಿ ಮರೆಯುತ್ತಾನೆ. ಕುವೆಂಪು, ತೇಜಸ್ವಿಯವರ ಪುಸ್ತಕಗಳಿಗಾಗಿ ಕಾಯುವ ಓದುಗರಿದ್ದರು. ಹಾಗೆ ಕಾಯುವ ಓದುಗರಿಲ್ಲದ ಗಳಗನಾಥರು ನಡೆದರು. ಹೊಸಬನಿಗೆ ಸಿಗುವುದು ಎರಡನೆಯ ಮಾದರಿ.

ಸ್ವಂತವಾಗಿ ತರುವವನು ಕಾನೂನಿನ ಕಣ್ಣಿಗೆ ಪ್ರಕಾಶಕ. ಐಎಸ್‌ಬಿಎನ್ ಸಂಖ್ಯೆಯನ್ನು ದಿಲ್ಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ; ಅದಕ್ಕೂ ಸಾವಿರಗಟ್ಟಲೆ ಕೀಳುವವರಿದ್ದಾರೆ, ಹುಷಾರು. 1954ರ ಕಾಯ್ದೆಯಂತೆ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತ, ಚೆನ್ನೈ, ಮುಂಬೈ, ದಿಲ್ಲಿಯ ನಾಲ್ಕು ಗ್ರಂಥಾಲಯಗಳಿಗೆ ಸ್ವಂತ ಖರ್ಚಿನಲ್ಲಿ ಪ್ರತಿ ಕಳಿಸಬೇಕು. ತಪ್ಪಿದರೆ ಆ ಕಾಯ್ದೆ ಬರೆದಿಟ್ಟ ದಂಡ 50 ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ತನ್ನ ಪುಸ್ತಕವನ್ನು ತಾನೇ ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಸಂದರ್ಭ ಲೇಖಕನಿಗೆ ಹೊಸದೇನಲ್ಲ ಬಿಡಿ.

ನಿಜವಾದ ಪರೀಕ್ಷೆ ಶುರುವಾಗುವುದು ಮುದ್ರಣಾಲಯದ ಆಟೋ ಮನೆ ಮುಂದೆ ನಿಂತಾಗ. ಐನೂರು ಪ್ರತಿ ಎಂಬುದು ಬಾಯಲ್ಲಿ ಹೇಳಲು ಸಣ್ಣ ಸಂಖ್ಯೆ. ರಟ್ಟಿನ ಪೆಟ್ಟಿಗೆಗಳಲ್ಲಿ ಬಂದಾಗ ಅದು ಹೆಣ್ಣು ಕೊಟ್ಟ ಮಾವನ ಕಡೆಯ ನೆಂಟರಂತೆ ಮನೆತುಂಬ ಹರಡಿಕೊಳ್ಳುತ್ತದೆ. ಮಂಚದ ಕೆಳಗೆ, ಅಟ್ಟದ ಮೇಲೆ, ಅಕ್ಕಿ ಡಬ್ಬಿಯ ಪಕ್ಕ. ಹೆಂಡತಿ ಮೊದಲ ತಿಂಗಳು ಹೆಮ್ಮೆಪಡುತ್ತಾಳೆ, ಎರಡನೆಯ ತಿಂಗಳು ಗುಡಿಸಲು ಜಾಗ ಕೇಳುತ್ತಾಳೆ, ಮಳೆಗಾಲದಲ್ಲಿ ಗೆದ್ದಲಿನ ಸುದ್ದಿ ತರುತ್ತಾಳೆ. ಗೂಗಲ್ ಪೇಗೆ ಹಣ ಹಾಕಿ ವಿಳಾಸ ಕಳಿಸುವ ಓದುಗರು ಇದ್ದಾರೆ, ಆದರೆ ಅವರಿಗೆ ಪುಸ್ತಕ ತಲುಪಿಸುವ ಖರ್ಚು ಏರಿದೆ. ಅಗ್ಗದ ದರದಲ್ಲಿ ಪುಸ್ತಕ ಒಯ್ಯುತ್ತಿದ್ದ ನೋಂದಾಯಿತ ಬುಕ್‌ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಅಂಗಡಿಗೆ ಕೊಟ್ಟರೆ ಕಮಿಷನ್ ಕಳೆದ ಹಣಕ್ಕೆ ಅಲೆಯಬೇಕು. ಅಲೆದ ಬಸ್ ಚಾರ್ಜು ಯಾವ ಖಾತೆಗೂ ಸೇರುವುದಿಲ್ಲ.

ಈ ಕಷ್ಟ ಕನ್ನಡದವರದೊಂದೇ ಅಲ್ಲ. ಅಮೆರಿಕದ ಹೆನ್ರಿ ಡೇವಿಡ್ ಥೋರೊ 1849ರಲ್ಲಿ ತನ್ನ ಮೊದಲ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಸಾವಿರ ಪ್ರತಿ ಹಾಕಿಸಿದ. ನಾಲ್ಕು ವರ್ಷದ ನಂತರ ಪ್ರಕಾಶಕರು ಗೋದಾಮಿನಲ್ಲಿ ಜಾಗವಿಲ್ಲವೆಂದು ಗಾಡಿಯಲ್ಲಿ 706 ಪ್ರತಿ ವಾಪಸು ಕಳಿಸಿದರು. ಅಷ್ಟನ್ನೂ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದ ಆತ, ತನ್ನ ಬಳಿ ಈಗ ಒಂಬೈನೂರರ ಹತ್ತಿರ ಪುಸ್ತಕಗಳ ಗ್ರಂಥಾಲಯವಿದೆ, ಅದರಲ್ಲಿ ಏಳುನೂರಕ್ಕೂ ಹೆಚ್ಚು ತಾನೇ ಬರೆದವು ಎಂಬರ್ಥದಲ್ಲಿ ದಿನಚರಿಯಲ್ಲಿ ನಕ್ಕುಕೊಂಡ. ಹೊರಹೋದ ಪ್ರತಿಗಳಲ್ಲಿ 75 ಗೌರವ ಪ್ರತಿಗಳಾಗಿದ್ದವು. ಮರುವರ್ಷ ಅವನ ‘ವಾಲ್ಡನ್’ ಬಂತು. ಅದನ್ನು ಆತ ಬುದ್ಧಿವಂತನಾಗಿ ಬೇರೆಯವರ ಖರ್ಚಿನಲ್ಲಿ ತಂದ.

‘ಈಗ ಪೆಟ್ಟಿಗೆಯ ಗೋಜೇ ಇಲ್ಲ, ಇ-ಪುಸ್ತಕ ಮಾಡಿಬಿಡಿ’ ಅನ್ನುತ್ತಾನೆ ಸಾಫ್ಟ್‌ವೇರ್ ಅಳಿಯ. ಅಮೆಜಾನಿನ ಕಿಂಡಲ್ ವ್ಯವಸ್ಥೆಯಲ್ಲಿ ಷರತ್ತುಗಳಿಗೆ ಒಳಪಟ್ಟರೆ ಲೇಖಕನಿಗೆ ನೂರಕ್ಕೆ 70ರವರೆಗೆ ರಾಯಲ್ಟಿಯುಂಟು. ಇಂಗ್ಲಿಷಿನಲ್ಲಿ ಬರೆಯುವವನಿಗೆ ಸಂತೋಷವೇ. ಆದರೆ ಕಿಂಡಲ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳಿಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದವರದೇ ಆ್ಯಪ್ ಬಂದು ಇ-ಪುಸ್ತಕ, ಕೇಳುಪುಸ್ತಕ ಎರಡಕ್ಕೂ ದಾರಿಯಾಯಿತು. ಅಲ್ಲೂ ಪುಸ್ತಕ ತಾನಾಗಿ ಮಾರಾಟವಾಗುವುದಿಲ್ಲ. ಗಳಗನಾಥರು ಕಾಲಲ್ಲಿ ಮಾಡಿದ್ದನ್ನು ಲೇಖಕ ಹೆಬ್ಬೆರಳಲ್ಲಿ ಮಾಡಬೇಕು: ದಿನಕ್ಕೊಂದು ಪೋಸ್ಟು, ವಾರಕ್ಕೊಂದು ರೀಲು, ಹಳೆಯ ಸಹಪಾಠಿಗಳ ವಾಟ್ಸ್ಆ್ಯಪ್ ಗುಂಪಿಗೆ ಒಂದು ನಾಚಿಕೆಯ ಲಿಂಕು. ಗುಂಪಿನಲ್ಲಿ ನಲವತ್ತು ಜನ ಕೈಮುಗಿದ ಚಿತ್ರ ಹಾಕುತ್ತಾರೆ. ಕೊಂಡವರೆಷ್ಟು ಎಂಬುದು ಲೇಖಕನಿಗೂ ಆ್ಯಪಿಗೂ ಮಾತ್ರ ಗೊತ್ತಿರುವ ಗುಟ್ಟು.

ಇಷ್ಟು ಹೇಳಿದ ಮೇಲೂ ಯಾರಾದರೂ ಇಂಗ್ಲಿಷಿನಲ್ಲಿ ಬರೆಯುವ ಅಮೀಶ್ ತ್ರಿಪಾಠಿಯ ಹೆಸರು ತೆಗೆಯುತ್ತಾರೆ. ನಿಜ, ಪ್ರಕಾಶಕರು ಬೇಡವೆಂದ ಅವರ ಮೊದಲ ಕಾದಂಬರಿ 2010ರಲ್ಲಿ ಹೊರಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಪ್ರಕಾಶಕರ ದಾರಿಯಲ್ಲೂ ಗೆಲುವುಂಟು: ಹಾಸನದ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಇಂಗ್ಲೆಂಡಿನ ಪುಟ್ಟ ಪ್ರಕಾಶನವೊಂದರಿಂದ ಹೊರಟು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದವು, 50,000 ಪೌಂಡನ್ನು ಇಬ್ಬರೂ ಹಂಚಿಕೊಂಡರು. ಆ ಮೊದಲು ಬಾನು ಅವರು ಮೂರು ದಶಕಕ್ಕೂ ಹೆಚ್ಚು ಕಾಲ ಬರೆದಿದ್ದರು, ಹೊಟ್ಟೆಪಾಡಿಗೆ ವಕೀಲಿಕೆ ಇತ್ತು. ಹೊಸ ಲೇಖಕ ಬೂಕರ್‌ಗೆ ಕಾಯಲಿ, ತಪ್ಪಿಲ್ಲ. ಕೆಲಸ ಮಾತ್ರ ಬಿಡದಿರಲಿ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರಿಗೆ ಕೊಡುವ ಪ್ರೋತ್ಸಾಹಧನಕ್ಕೆ ಅರ್ಜಿಯನ್ನೂ ಹಾಕಲಿ.

ಯಾವ ದಾರಿ ಹಿಡಿದರೂ ಕೈಲೊಂದು ಕಾಗದ ಇರಬೇಕು. ಕನ್ನಡದಲ್ಲಿ ಪುಸ್ತಕದ ವ್ಯವಹಾರ ಬಹುಪಾಲು ಕಾಫಿ ಕುಡಿಯುತ್ತ ಬಾಯಿಮಾತಿನಲ್ಲೇ ಮುಗಿಯುತ್ತದೆ. ಕರಾರು ಕೇಳುವುದೆಂದರೆ ಹಿರಿಯರನ್ನು ಅನುಮಾನಿಸಿದಂತೆ ಎಂಬ ಸಂಕೋಚ ಲೇಖಕನಿಗೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ನಿಗೆ ಅಂಥ ಸಂಕೋಚವಿಲ್ಲ. ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು. ಬೇರೆ ಮಾತು ಬರೆದಿರದಿದ್ದರೆ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಸುಮ್ಮನೆ ಕೂತಾಗ ಆ ವಹಿವಾಟು ರದ್ದಾದಂತೆ. ಅವಧಿ ಬರೆದಿರದಿದ್ದರೆ ಐದು ವರ್ಷವೆಂದೇ ಲೆಕ್ಕ, ಪ್ರದೇಶ ಬರೆದಿರದಿದ್ದರೆ ಭಾರತಕ್ಕಷ್ಟೇ. ಲೇಖಕ ತೀರಿಕೊಂಡ ಮೇಲೂ ಹಕ್ಕು 60 ವರ್ಷ ಬಾಳುತ್ತದೆ, ಆದ್ದರಿಂದ ಮೊಮ್ಮಕ್ಕಳ ಸಲುವಾಗಿಯಾದರೂ ಕಾಗದ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಪ್ರಕಾಶಕರಿಗೆ ಹಸ್ತಪ್ರತಿ ಕೊಡಬೇಡಿ.