ಚೂರು ಕೆಲಸ ಇದೆ, ಅಷ್ಟೆ

ಷೋರೂಮಿನಿಂದ ಹೊಸ ಗಾಡಿ ಇಳಿಸಿಕೊಂಡು ಬಂದವರನ್ನು ಕಂಡರೆ ನಮ್ಮ ಭಾವನಿಗೆ ಕನಿಕರ. "ಪಾಪ, ಬಾನೆಟ್ ಎತ್ತೋಕೂ ಬರಲ್ಲ ಅವ್ರಿಗೆ" ಎನ್ನುತ್ತಾರೆ. ಹೂವಿನ ಹಾರ, ಚಕ್ರದಡಿಯ ನಿಂಬೆಹಣ್ಣು, ಬ್ಯಾಂಕಿನ ಕಂತು ಇವುಗಳ ನಡುವೆ ಸಿಕ್ಕಿಬಿದ್ದ ಆ ಬಡಪಾಯಿಗಳಿಗೆ ಗಾಡಿ ಎಂದರೇನೆಂದು ಜನ್ಮದಲ್ಲಿ ತಿಳಿಯುವುದಿಲ್ಲವಂತೆ. ತಿಳಿಯಬೇಕಾದರೆ ಅದು ಮೂರ್ನಾಲ್ಕು ಕೈ ದಾಟಿರಬೇಕು, ಆರ್‌ಸಿ ಪುಸ್ತಕಕ್ಕೆ ಗೆದ್ದಲು ಹಿಡಿದಿರಬೇಕು, ಮಾರುವವನು ದೇವರ ಮೇಲೆ ಆಣೆ ಹಾಕಿ ನಾಲ್ಕು ಶಬ್ದ ಹೇಳಿರಬೇಕು: "ಚೂರು ಕೆಲಸ ಇದೆ, ಅಷ್ಟೆ."

ಭಾವನಂತೆ ಹಳೇ ಗಾಡಿಯ ಹುಚ್ಚಿನವರು ಎಲ್ಲ ಕಡೆ ಇದ್ದರೂ ಮಲೆನಾಡಿನಲ್ಲಿ ಬೆಳೆ ಜೋರು. ತೋಟಕ್ಕೆ ಗೊಬ್ಬರ ಬೇಕು, ಅಡಿಕೆ ಮೂಟೆ ಮಂಡಿಗೆ ಹೋಗಬೇಕು, ಮನೆಯ ದಾರಿ ಮಳೆಗಾಲದಲ್ಲಿ ಹಳ್ಳವಾಗಬೇಕು. ಹಾಗಾಗಿ ಪಿಕಪ್ ಕೊಳ್ಳುವುದಕ್ಕೆ ಕಾರಣ ಹುಡುಕಬೇಕಾದ್ದೇ ಇಲ್ಲ. ಇವರನ್ನು ಗುರುತಿಸುವುದೂ ಸುಲಭ. ಮದುವೆ ಪಂಕ್ತಿಯಲ್ಲಿ ಉಗುರಿನ ಸಂದಿಯಲ್ಲಿ ಗ್ರೀಸ್ ಕಂಡರೆ ಇವರೇ. ರೇಷ್ಮೆ ಶಲ್ಯದ ಗಂಟಿನಲ್ಲಿ ನಟ್ಟು ಸಿಕ್ಕರೂ ಇವರೇ. ಜನರ ಹೆಸರು ನೆನಪಿರುವುದಿಲ್ಲ. "ಆ ಹಸಿರು ಮೆಟಡೋರ್ ಇಟ್ಟಿದ್ರಲ್ಲ, ಅವ್ರ ಅಳಿಯ" ಎಂಬಂತೆ ವಂಶಾವಳಿ ಹೇಳುತ್ತಾರೆ. ಮಗಳು ಹುಟ್ಟಿದ್ದು ಯಾವ ವರ್ಷ ಎಂದು ಕೇಳಿದರೆ ಭಾವ ಹೆಂಡತಿಯ ಮುಖ ನೋಡುತ್ತಾರೆ. ಟಾಟಾ ಮೊಬೈಲ್ 206 ಬಂದದ್ದು 1988ರಲ್ಲಿ, ಅದರ ಎಲುಬಿನ ಮೇಲೆಯೇ 1991ರಲ್ಲಿ ಸಿಯೆರಾ, 1994ರಲ್ಲಿ ಸುಮೋ ಕಟ್ಟಿದ್ದು ಎನ್ನುವುದಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಅವರ ಈಗಿನ ಗಾಡಿ ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ನಮ್ಮ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಕಂಪನಿಯವರು ಕೊಟ್ಟದ್ದು ಏನೂ ಉಳಿದಿರಲಿಲ್ಲವಾದ್ದರಿಂದ ಅವರನ್ನು ಎಳೆತರುವುದು ನ್ಯಾಯವಲ್ಲ.

"ಸುಮ್ನೆ ನೋಡ್ಕೊಂಡು ಬರೋಣ ಬನ್ನಿ ಭಾವ" ಎಂದು ಕರೆದರು. ನಮ್ಮಲ್ಲಿ ತಂಗಿಯ ಗಂಡನೂ ಭಾವ, ಹೆಂಡತಿಯ ಅಣ್ಣನೂ ಭಾವ. ಗೌರವ ಎರಡೂ ಕಡೆ ಸಮ, ದುಡಿತ ಮಾತ್ರ ನನ್ನ ಕಡೆ ಹೆಚ್ಚು. ಹೋದದ್ದು ಮಲ್ಪೆಗೆ, ಅದೂ ಜೂನ್ ತಿಂಗಳಲ್ಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ದಡದಲ್ಲಿದ್ದರೆ ಮೀನು ಸಾಗಿಸುವ ಪಿಕಪ್ಪಿಗೂ ಕೆಲಸವಿಲ್ಲ, ಕೆಲಸವಿಲ್ಲದ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂಬುದು ಭಾವನ ಅರ್ಥಶಾಸ್ತ್ರ. ಐಸು ಕರಗಿದ ಉಪ್ಪುನೀರು ವರ್ಷಗಟ್ಟಲೆ ಸುರಿದರೆ ಕಬ್ಬಿಣ ಹಪ್ಪಳವಾಗುತ್ತದೆ ಎಂಬ ರಸಾಯನಶಾಸ್ತ್ರ ಆ ಅರ್ಥಶಾಸ್ತ್ರದೊಳಗೆ ಬರುವುದಿಲ್ಲ.

ಭಾವನ ಜೇಬಿನಲ್ಲಿ ಹಳೇ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ ಸದಾ ಇರುತ್ತದೆ. ತಗಡಿದ್ದಲ್ಲಿ ಅದು ಹಿಡಿಯುತ್ತದೆ. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಜಾರಿ ಬೀಳುತ್ತದೆ. ಬಲಬಾಗಿಲಿಗೆ ಇಟ್ಟರು, ಬಿತ್ತು. ಎಡಬಾಗಿಲಿಗೆ ಇಟ್ಟರು, ಬಿತ್ತು. ಮಡ್‌ಗಾರ್ಡಿಗೆ ಇಟ್ಟರು, ಅಲ್ಲೂ ಬಿತ್ತು. ಪ್ರತಿ ಸಲ ಕೆಸರಿನಿಂದ ಹೆಕ್ಕಿ, ಒರೆಸಿ ಕೊಡುವ ಕೆಲಸ ನನ್ನದು. ಕೊನೆಗೆ ಭಾವ ಗಾಡಿಯಡಿ ತೂರಿ ಚಾಸಿಗೆ ಇಟ್ಟರು. ಟಪ್ ಎಂದು ಹಿಡಿಯಿತು. "ನೋಡಿದ್ರಾ? ಚಾಸಿ ಗಟ್ಟಿ ಇದೆ! ಉಳಿದಿದ್ದೇನು, ತಗಡು ತಾನೇ?"

ಆಮೇಲೆ ಹೊಗೆಯ ಪರೀಕ್ಷೆ. ಹೊಗೆ ಕಪ್ಪಾದರೆ ನಾಜಲ್, ನೀಲಿಯಾದರೆ ರಿಂಗು, ಬಿಳಿಯಾದರೆ ಹೆಡ್ ಗ್ಯಾಸ್ಕೆಟ್ ಎಂದು ನನಗೆ ಕಲಿಸಿದವರು ಅವರೇ. ಈ ಗಾಡಿ ಒಂದಾದ ಮೇಲೊಂದು ಮೂರೂ ಬಣ್ಣ ಬಿಟ್ಟಿತು. ನಾನು ಮೆಲ್ಲಗೆ ಎಚ್ಚರಿಸಿದೆ. "ಎಲ್ಲಾ ಬಣ್ಣನೂ ಬರ್ತಿದೆ ಅಂದ್ರೆ ಯಾವುದೂ ಪೂರ್ತಿ ಕೆಟ್ಟಿಲ್ಲ ಅಂತ ಲೆಕ್ಕ" ಎಂದರು. ಮಾರುವವರಿಗೂ ಈ ತರ್ಕ ಹೊಸದಿರಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಮಾರಾಯ್ರೆ, ಚೂರು ಕೆಲಸ ಉಂಟು, ಅಷ್ಟೆ" ಎಂದರು. ವ್ಯಾಪಾರ ಕುದುರಿತು. ಎಫ್‌ಸಿ ಮುಗಿದು ಎಷ್ಟು ಕಾಲವಾಯಿತೆಂಬುದು 29, 30ನೇ ನಮೂನೆಗಳಿಗೆ ಸಹಿ ಬಿದ್ದ ಮೇಲೆ ತಿಳಿಯಿತು.

ಹೆಬ್ರಿ ದಾಟುವವರೆಗೆ ಗಾಡಿ ಓಡಿತು. ಸೋಮೇಶ್ವರ ಬಿಟ್ಟು ಆಗುಂಬೆ ಘಾಟಿ ಹತ್ತತೊಡಗಿದಾಗ ಮಳೆ ಹಿಡಿಯಿತು. ವೈಪರ್ ಕಡ್ಡಿಗಳಿದ್ದವು, ಅವುಗಳ ಮೋಟರ್ ಇರಲಿಲ್ಲ. ಭಾವ ಬೀಡಿ ಬಿಚ್ಚಿ ಹೊಗೆಸೊಪ್ಪನ್ನು ಗಾಜಿಗೆ ಉಜ್ಜಿದರು. ಬೇರೆ ಊರಿನ ಮಳೆಗೆ ಅದು ಸಾಕು, ಆಗುಂಬೆಯ ಮಳೆಗೆ ಇಡೀ ಬೀಡಿ ಕಾರ್ಖಾನೆ ಬೇಕು. ಕೊನೆಗೆ ವೈಪರಿಗೆ ಅಡಿಕೆ ಮೂಟೆಯ ಹುರಿ ಕಟ್ಟಿ, ಒಂದು ತುದಿ ಅವರು, ಇನ್ನೊಂದು ತುದಿ ನಾನು ಎಳೆಯುತ್ತ ಸಾಗಿದೆವು. ಹದಿನಾಲ್ಕು ತಿರುವಿನ ಘಾಟಿಯ ಅರ್ಧದಲ್ಲಿ ಇಂಜಿನ್ ನಿಂತಿತು.

"ಏರ್ ಹಿಡಿದಿದೆ, ಅಷ್ಟೆ." ಡೀಸೆಲ್ ಪೈಪಿನೊಳಗೆ ಗಾಳಿ ಹೊಕ್ಕರೆ ಇಂಜಿನ್ನಿಗೆ ಡೀಸೆಲ್ ತಲುಪುವುದಿಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ನನಗೆ ಸಿಕ್ಕ ಹುದ್ದೆ ಟಾರ್ಚ್ ಹಿಡಿಯುವುದು. ಜಗತ್ತಿನಲ್ಲಿ ಇದಕ್ಕಿಂತ ಅವಮಾನದ ಹುದ್ದೆ ಇನ್ನೊಂದಿಲ್ಲ. ಎಲ್ಲಿ ಹಿಡಿದರೂ ಅವರಿಗೆ ಬೇಕಾದ ಜಾಗ ಬೇರೆ; ಅವರದೇ ಕೈಯ ನೆರಳಿಗೂ ನಾನೇ ಹೊಣೆ. ಇಂಬಳವೊಂದು ಪಂಚೆಯೊಳಗೆ ಏರತೊಡಗಿದಾಗ ನನ್ನ ಕೈ ಅಲುಗಿತು. "ಭಾವ, ಬೆಳಕು ಇಲ್ಲಿ ಬಿಡಿ. ಮೇಲೆ ನಕ್ಷತ್ರ ಯಾವುದಾದ್ರೂ ರಿಪೇರಿಗೆ ಬಂದಿದ್ಯಾ?" ಎಂದರು. ಸ್ಕೂಟರಿನ ಪ್ಲಗ್ ಬಿಚ್ಚಲೂ ಅಂಗಡಿಗೆ ಹೋಗುವ ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅಂತೂ ಗುಳ್ಳೆ ನಿಂತಿತು. ಇಂಜಿನ್ ಕೆಮ್ಮಿ ಎದ್ದಾಗ ಭಾವ ನನ್ನ ಬೆನ್ನು ತಟ್ಟಿ, "ಈ ಸುಖ ಹೊಸ ಗಾಡೀಲಿ ಇದ್ಯಾ?" ಎಂದರು. ಇಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳಿದೆ.

ಮನೆಯಂಗಳಕ್ಕೆ ಗಾಡಿ ಬಂದಾಗ ಮೊದಲು ಎದುರುಗೊಂಡದ್ದು ಬೆಕ್ಕುಗಳು. ಕೇರಿಯಲ್ಲಿ ಅಷ್ಟು ಬೆಕ್ಕುಗಳಿರುವುದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಈರುಳ್ಳಿಯನ್ನೇ ಒಳಗೆ ಬಿಟ್ಟುಕೊಳ್ಳದ ನಮ್ಮ ಅತ್ತೆ ಜಗುಲಿಯಿಂದ ಇಳಿಯಲಿಲ್ಲ. ಸೋಪುನೀರು, ಫಿನೈಲು, ಸೀಗೆಪುಡಿ, ಹುಣಸೆಹುಳಿ, ಕೊನೆಗೆ ಪುರೋಹಿತರ ಪುಣ್ಯಾಹ, ಎಲ್ಲವೂ ಆಯಿತು. ಬಿಸಿಲು ಬಿದ್ದ ದಿನ ಮಲ್ಪೆ ಮತ್ತೆ ಅಂಗಳಕ್ಕೆ ಬರುತ್ತಿತ್ತು.

ಚೂರು ಕೆಲಸ ಶುರುವಾಯಿತು. ಇಂಜಿನ್ ಬಿಚ್ಚಿ ಬೋರ್ ಮಾಡಿಸಿದರು, ಪಿಸ್ಟನ್ನು, ರಿಂಗು ಹೊಸದು ಹಾಕಿಸಿದರು. ಊರಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದರು. ತೊಟ್ಟಿಯ ತಳ ಕಿತ್ತು ಮತ್ತಿ ಮರದ ಹಲಗೆ ಹಾಸಿದರು. ಖರ್ಚಿನ ವಿಷಯದಲ್ಲಿ ಭಾವನದು ಒಂದೇ ನಿಯಮ: ಬರೆದಿಡಬಾರದು. ಬರೆದಿಟ್ಟರೆ ಕೂಡಬೇಕಾಗುತ್ತದೆ, ಕೂಡಿದರೆ ಹೆಂಡತಿಗೆ ಕಾಣುತ್ತದೆ. ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಆ ದಿನ ಟೈರು ಒಬ್ಬರದು, ಹಾರನ್ನು ಇನ್ನೊಬ್ಬರದು, ಬ್ಯಾಟರಿ ನನ್ನ ಕಾರಿನದು.

ಆದರೆ ಈ ಕೆಲಸವೆಲ್ಲ ನಡೆದ ಗ್ಯಾರೇಜಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಸರಿಯಾಗದು. ಹಲಸಿನ ಮರದಡಿಯ ಆ ಮೇಸ್ತ್ರಿ ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ, ಯಾವ ಬೇರಿಂಗ್ ಸವೆದಿದೆ ಎನ್ನುತ್ತಾರೆ. ಬಿಚ್ಚಿದರೆ ಅದೇ ಸವೆದಿರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲಿನ ಗಾಡಿಗಳು ಅವರ ಕಿವಿಗೆ ಏನೂ ಹೇಳುವುದಿಲ್ಲ. ಅವು ಮಾತಾಡುವುದು ಸ್ಕ್ಯಾನರಿನ ಹತ್ತಿರ. ಮೇಸ್ತ್ರಿಯ ಮಗ ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುತ್ತಾನೆ, ಸಂಬಳ ಒಳ್ಳೆಯದು, ಉಗುರು ಚೊಕ್ಕ. ಅಪ್ಪನ ಹತ್ತಿರ ಈಗ ಬರುವುದು ಭಾವನಂಥ ಕೆಲವರು ಮಾತ್ರ. ಸಂಜೆ ಅಲ್ಲಿ ಗಾಡಿ ಬಿಚ್ಚಿಕೊಂಡು ಕೂತರೆ ಚಹಾ ಬರುತ್ತದೆ, ದಾರಿಹೋಕರು ನಿಂತು ಸಲಹೆ ಕೊಡುತ್ತಾರೆ, ಯಾರದೋ ಮನೆಯ ಜಗಳ ತೀರ್ಮಾನವಾಗುತ್ತದೆ. ಗಾಡಿ ಪೂರ್ತಿ ಸರಿಯಾದರೆ ಇವರೆಲ್ಲ ಎಲ್ಲಿಗೆ ಹೋಗಬೇಕು? ಸರಿಯಾಗದಂತೆ ನೋಡಿಕೊಳ್ಳುವುದರಲ್ಲೇ ಭಾವನ ಜಾಣ್ಮೆ ಇದೆಯೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇಷ್ಟು ಬರೆಯುವಷ್ಟರಲ್ಲಿ ಅವರದೇ ಫೋನು. ಗಾಡಿ ಈಗ ಸಲೀಸಾಗಿ ಓಡುತ್ತಿದೆಯಂತೆ, ಬೆಕ್ಕುಗಳೂ ಆಸಕ್ತಿ ಕಳೆದುಕೊಂಡಿವೆಯಂತೆ. ಹಾಗಾಗಿ ಮಾರುತ್ತಾರಂತೆ. ಸಾಗರದ ಹತ್ತಿರ ಯಾರದೋ ಕೊಟ್ಟಿಗೆಯಲ್ಲಿ ಇನ್ನೊಂದು ಇದೆಯಂತೆ, ಸುಮ್ಮನೆ ನೋಡಿಕೊಂಡು ಬರಬೇಕಂತೆ.

ನಿಮಗೂ ಇಂಥ ಭಾವನಿದ್ದು, ಇಂಥ ಕರೆ ಬಂದರೆ, ಊಟ ಮುಗಿಸಿ, ಹಳೇ ಅಂಗಿ ತೊಟ್ಟು, ಟಾರ್ಚಿಗೆ ಹೊಸ ಸೆಲ್ಲು ಹಾಕಿಕೊಂಡು ಹೊರಡಿ. ಅಯಸ್ಕಾಂತವನ್ನು ಮಾತ್ರ ಮನೆಯಲ್ಲೇ ಬಿಡಲು ಹೇಳಿ. ಅದು ಬಿದ್ದ ಕಾರಣಕ್ಕೆ ಯಾವ ವ್ಯಾಪಾರವೂ ಇದುವರೆಗೆ ನಿಂತಿಲ್ಲ.