ಅಮೂಲ್ಯ ಸಲಹೆಗೆ ವಂದನೆಗಳು

ಬೈಸಿಕೊಂಡು ಥ್ಯಾಂಕ್ಸ್ ಹೇಳುವ ವಿದ್ಯೆಯನ್ನು ಯಾವ ಪಿಎಚ್‌.ಡಿ. ಗೈಡೂ ಕಲಿಸುವುದಿಲ್ಲ. ಜರ್ನಲ್ಲಿಗೆ ಪೇಪರ್ ಕಳಿಸಿ, ರಿವ್ಯೂವರುಗಳ ಕಾಮೆಂಟು ಬಂದ ಮೇಲೆ ತಾನಾಗಿ ಬರುತ್ತದೆ. ಮೊದಲನೇ ರಿವ್ಯೂವರು ಸಾಮಾನ್ಯವಾಗಿ ಸಾಧುಪ್ರಾಣಿ, ರಗಳೆಯೆಲ್ಲ ಎರಡನೆಯವರದು. ನಮ್ಮ ರಾಗಿ ಬೇರಿನ ಪೇಪರಿಗೆ ಅವರು 'ಪೀಠಿಕೆ ಉದ್ದವಾಯಿತು' ಎಂದರೆ, ಇವರು 'ಏನೇನೂ ಸಾಲದು' ಎಂದರು. ಇಬ್ಬರ ಮಾತನ್ನೂ ಪಾಲಿಸಿದ್ದೇವೆಂದು ಎಡಿಟರನ್ನು ನಂಬಿಸಬೇಕಲ್ಲ, ಅದರ ಮುಂದೆ ಸಂಶೋಧನೆ ಸಲೀಸು.

ನನ್ನ ಉತ್ತರದ ಕರಡು ಹೀಗಿತ್ತು: "ಸ್ವಾಮಿ, ಪುಟ 7 ಓದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ." ಕಳಿಸಿದ್ದು: "ಈ ಮುಖ್ಯ ಅಂಶವನ್ನು ಗಮನಕ್ಕೆ ತಂದದ್ದಕ್ಕೆ ಕೃತಜ್ಞರು. ಪುಟ 7, ಸಾಲು 142ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಿದ್ದೇವೆ." ಸ್ಪಷ್ಟಪಡಿಸಿದ್ದೇನೆಂದರೆ, ಇದ್ದ ವಾಕ್ಯದ ಮುಂದೆ 'ಗಮನಾರ್ಹವಾಗಿ' ಎಂದು ಸೇರಿಸಿ, ಇಡೀ ಸಾಲಿಗೆ ಕೆಂಪು ಬಣ್ಣ ಕೊಟ್ಟದ್ದು. ಹಿಂದೆ ನಿಂತು ಓದುತ್ತಿದ್ದ ಹೆಂಡತಿ, "ಇಷ್ಟೊಂದು ವಿನಯ ನಿಮ್ಮ ಹತ್ರ ಇತ್ತೇನ್ರೀ? ಮನೇಲಿ ಒಂದಿನಾನೂ ಖರ್ಚು ಮಾಡ್ಲಿಲ್ವಲ್ಲ!" ಎಂದಳು.

ಈ ವಿನಯ ಐನ್‌ಸ್ಟೈನರಿಗೂ ಒಗ್ಗಲಿಲ್ಲ. 1936ರಲ್ಲಿ ಅವರೂ ನೇಥನ್ ರೋಸೆನ್ನರೂ ಗುರುತ್ವದ ಅಲೆಗಳು ಇಲ್ಲವೇ ಇಲ್ಲವೆಂದು ಬರೆದು 'ಫಿಸಿಕಲ್ ರಿವ್ಯೂ'ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಇನ್ನೊಬ್ಬರಿಗೆ ತೋರಿಸಿದ್ದೇ ತಪ್ಪಾಯಿತು. ಅಚ್ಚಾಗುವ ಮೊದಲು ಪರಿಣತರಿಗೆ ತೋರಿಸಲು ನಿಮಗೆ ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಐನ್‌ಸ್ಟೈನರು ಗದರಿ, ಪೇಪರನ್ನೇ ವಾಪಸು ಪಡೆದರು. ತಮಾಷೆಯೆಂದರೆ ರಿವ್ಯೂವರ್ ಹೇಳಿದ್ದು ಸರಿಯಿತ್ತು. ಮರುವರ್ಷ ಬೇರೆ ಪತ್ರಿಕೆಯಲ್ಲಿ ಬಂದಾಗ ತೀರ್ಮಾನ ತಿರುವುಮುರುವಾಗಿತ್ತು. 2015ರಲ್ಲಿ ಅಲೆಗಳು ಉಪಕರಣಕ್ಕೂ ಸಿಕ್ಕವು. ಆ ಅನಾಮಿಕ ಹವರ್ಡ್ ರಾಬರ್ಟ್‌ಸನ್ ಎಂಬುದು ಹೊರಬೀಳಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು.

ನಮ್ಮ ಎರಡನೆಯವರ ಗುಟ್ಟು ಎಪ್ಪತ್ತು ನಿಮಿಷವೂ ನಿಲ್ಲಲಿಲ್ಲ. 'ಲೇಖಕರು ಈ ಐದು ಮಹತ್ವದ ಪ್ರಬಂಧಗಳನ್ನು ಉಲ್ಲೇಖಿಸಬೇಕು' ಎಂದು ಪಟ್ಟಿ ಕೊಟ್ಟಿದ್ದರು. ಐದಕ್ಕೂ ಕರ್ತೃ ಒಬ್ಬರೇ. ಒಂದರಲ್ಲಂತೂ ರಾಗಿಯ ಸುಳಿವೇ ಇರಲಿಲ್ಲ, ಬರೀ ಆಲೂಗಡ್ಡೆ. ಎರಡನ್ನು ಸೇರಿಸಿ, ಅಮೂಲ್ಯ ಸಲಹೆಗೆ ವಂದಿಸಿದೆವು.

ಎರಡನೇ ಸುತ್ತಿನ ಕಾಮೆಂಟು ನಿನ್ನೆ ಬಂದಿದೆ. ಪರಿಷ್ಕರಣೆ ಬಹಳ ಸಮಾಧಾನ ತಂದಿತಂತೆ. ಉಳಿದ ಮೂರು ಎಲ್ಲಿ ಎಂದು ಕೇಳಿದ್ದಾರೆ.