ಕಯಾಕ್ ತಗೊಳ್ತೀರಾ ರಾಯ್ರೇ?

ಬನ್ನಿ ರಾಯ್ರೇ, ಬೇಲಿಯ ಈ ಮೂಲೆಯಲ್ಲಿ ನೆರಳುಂಟು. ಆ ಮೊಬೈಲ್ ಇತ್ತ ಕೊಡಿ, ನಿಮ್ಮ ಅಳಿಯ ಕಳಿಸಿದ್ದು ನೋಡುವ. ಚಂದ ಉಂಟು ಮಾರಾಯ್ರೆ, ಸುಳ್ಳು ಯಾಕೆ ಹೇಳಬೇಕು. 17 ಅಡಿ ಉದ್ದ, 22 ಇಂಚು ಅಗಲ, ಕಾರ್ಬನ್ ಮೈ. ಆದರೆ ಇದು ಟೆಂಟು, ಅಕ್ಕಿ-ಬೇಳೆ ಎಲ್ಲ ತುಂಬಿಸಿಕೊಂಡು ಕಡಲ ಬದಿಗೇ ವಾರಗಟ್ಟಲೆ ಹೋಗುವವರ ಕಯಾಕ್. ನಿಮಗೆ ಬೇಕಾದದ್ದು ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು, ಹೊಳೆಯಲ್ಲಿ ಒಂದು ಸುತ್ತು ಹೊಡೆದು, ತಿಂಡಿಯ ಹೊತ್ತಿಗೆ ಮನೆ ಸೇರುವುದು. ಅಷ್ಟಕ್ಕೆ ಲಕ್ಷಗಟ್ಟಲೆ ಸುರಿಯುವುದೆಂತಕ್ಕೆ?

ಕಯಾಕ್ ತಗೊಳ್ಳುವವರು ಮೊದಲು ನೀರು ನೋಡಬೇಕು, ಆಮೇಲೆ ತಮ್ಮ ಮೈ ನೋಡಿಕೊಳ್ಳಬೇಕು, ದೋಣಿ ಕೊನೆಗೆ. ನೀವು ಉಲ್ಟಾ ಹೊರಟಿದ್ದೀರಿ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ನೀರು ಬಿಟ್ಟಾಗ ಕಾಳಿ ನದಿ ಬಂಡೆಗಳ ಮಧ್ಯೆ ನೊರೆ ಎಬ್ಬಿಸಿಕೊಂಡು ಓಡ್ತದಲ್ಲ, ಅಂಥ ನೀರಿಗೆ 8-9 ಅಡಿಯ ಗಿಡ್ಡ ಕಯಾಕ್. ಹುಟ್ಟಿನ ಒಂದೇ ಎಳೆತಕ್ಕೆ ಅದು ಗಿರಕಿ ತಿರುಗಬೇಕು. ಅದನ್ನೇ ತಂದು ನಮ್ಮ ಸೀತಾನದಿಯ ಸಮಾಧಾನದ ನೀರಿಗೆ ಹಾಕಿದಿರೋ, ನೆಟ್ಟಗೆ ಹೋಗುವುದೇ ಇಲ್ಲ. ಬಲಗಡೆ ಎಳೆದರೆ ಎಡಕ್ಕೆ ಮೂತಿ, ಎಡಗಡೆ ಎಳೆದರೆ ಬಲಕ್ಕೆ. ಉದ್ದ ಇದ್ದಷ್ಟು ನೆಟ್ಟಗೆ ಜಾರ್ತದೆ, ಗಿಡ್ಡ ಇದ್ದಷ್ಟು ಬೇಗ ತಿರುಗ್ತದೆ, ಅಗಲ ಇದ್ದಷ್ಟು ಅಲುಗಾಟ ಕಡಿಮೆ, ಓಟವೂ ಕಡಿಮೆ. ಮಾರುವವ ಮತ್ತೆ ಎಷ್ಟು ಭಾಷಣ ಬಿಗಿದರೂ ಎಲ್ಲ ಇದರೊಳಗೇ ಬಂತು.

ನಮ್ಮ ಕಾಂಡ್ಲಾ ಕಾಡಿನ ಓಣಿಗಳಿಗೆ 10-12 ಅಡಿ ಉದ್ದ, 30 ಇಂಚಿನ ಆಸುಪಾಸು ಅಗಲ ಧಾರಾಳ ಆಯ್ತು. ಅದರಲ್ಲೂ ಮೇಲೆ ಕೂರುವಂಥದ್ದು, ಸಿಟ್-ಆನ್-ಟಾಪ್ ಅಂತಾರೆ, ಅದನ್ನೇ ನೋಡಿ. ಅದರ ಮೈಯಲ್ಲಿ ಮೇಲಿಂದ ಕೆಳಗೆ ಆರಪಾರ ತೂತುಗಳಿರ್ತವೆ. ಒಳಗೆ ಬಿದ್ದ ನೀರು ಅಲ್ಲಿಂದಲೇ ಇಳಿದು ಹೋಗ್ತದೆ. ಮಗುಚಿದರೆ ತಿರುಗಿಸಿ ಹಾಕಿ ಮತ್ತೆ ಹತ್ತಿಕೊಳ್ಳಬಹುದು. ಒಳಗೆ ಕಾಲು ತೂರಿಸಿ ಕೂರುವ ಜಾತಿಯದ್ದಾದರೆ ತಲೆಕೆಳಗಾಗಿ ನೀರೊಳಗೆ ಇದ್ದುಕೊಂಡೇ ಹೊರಗೆ ಜಾರುವುದನ್ನು ಮೊದಲೇ ಕಲಿತಿರಬೇಕು, ಆಮೇಲೆ ತುಂಬಿದ ನೀರು ಖಾಲಿ ಮಾಡುವ ರಗಳೆ ಬೇರೆ. ನಿಮ್ಮ ಮಂಡಿನೋವಿಗೂ ಮೇಲೆ ಕೂರುವುದೇ ಕ್ಷೇಮ. ಕೂತಲ್ಲೆಲ್ಲ ಒದ್ದೆ ಆಗ್ತದೆ, ಹೌದು. ಈ ಊರಿನ ಸೆಕೆಗೆ ಅದೊಂದು ಉಪಕಾರವೇ.

ತೂಕ ಎಷ್ಟು ನಿಮ್ಮದು? ಮದುವೆಮನೆಯಲ್ಲಿ ಹೇಳುವ ಲೆಕ್ಕ ಬೇಡ, ನಿಜವಾದ್ದು ಹೇಳಿ. 90? ನೋಡಿ, ಕಯಾಕಿನ ಮೇಲೆ 120 ಕೆಜಿ ಅಂತ ಬರೆದಿದ್ದರೆ ಅದು ಮುಳುಗದೆ ಹೊರುವ ಲೆಕ್ಕ, ಸಲೀಸಾಗಿ ಓಡುವ ಲೆಕ್ಕ ಅಲ್ಲ. ನೀವು, ನಿಮ್ಮ ನೀರಿನ ಬಾಟ್ಲಿ, ಬುತ್ತಿ ಎಲ್ಲ ಸೇರಿ ಅದರ ಮೂರರಲ್ಲಿ ಎರಡು ಪಾಲಿನ ಹತ್ತಿರ ನಿಂತರೆ ಹದ. ಹಾಗಾಗಿ 140ರಿಂದ ಕೆಳಗಿನದ್ದನ್ನು ನೋಡುವುದೇ ಬೇಡ.

ಗಾಳಿ ತುಂಬುವಂಥದ್ದು ಅಗ್ಗ ಅಂತ ಯಾರೋ ಹೇಳಿದರಾ? ಅಗ್ಗ ಹೌದು. ಮಡಚಿ ಕಾರಿನ ಡಿಕ್ಕಿಗೆ ಹಾಕಬಹುದು, ಫ್ಲ್ಯಾಟಿನವರಿಗೆ ದೇವರು ಕೊಟ್ಟ ವರ. ಆದರೆ ಅದು ನೀರಿನ ಮೇಲೆ ಎತ್ತರಕ್ಕೆ ತೇಲ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದಿತೋ, ನೀವು ಪಡುವಣಕ್ಕೆ ಹುಟ್ಟು ಹಾಕ್ತಾ ಇರ್ತೀರಿ, ಅದು ಮೂಡಣಕ್ಕೆ ಹೋಗ್ತಾ ಇರ್ತದೆ. ಮತ್ತೆ ಇಳಿತದ ಹೊತ್ತಿಗೆ ಹೊಳೆಬಂಡೆಯ ಚಿಪ್ಪುಗಳು ಮೇಲೆ ಬರ್ತವಲ್ಲ, ಮನುಷ್ಯರ ಕಾಲನ್ನೇ ಬಿಡದ್ದು ಗಾಳಿಚೀಲವನ್ನು ಬಿಟ್ಟೀತಾ? ಫೈಬರ್ ಗ್ಲಾಸ್ ಹಗುರ, ನೋಡಲಿಕ್ಕೂ ಲಾಯ್ಕ್. ಕಲ್ಲಿಗೆ ಬಡಿದರೆ ಬಿರುಕು. ನಮ್ಮಂಥವರಿಗೆ ಪಾಲಿಎಥಿಲೀನ್ ಪ್ಲಾಸ್ಟಿಕ್ಕೇ ಸರಿ. ನಿಮ್ಮ ಟೆರೇಸಿನ ನೀರಿನ ಟ್ಯಾಂಕ್ ಉಂಟಲ್ಲ, ವಸ್ತುವೂ ಅದೇ, ಪ್ಲಾಸ್ಟಿಕ್ ಪುಡಿಯನ್ನು ಬಿಸಿ ಅಚ್ಚಿನೊಳಗೆ ತಿರುಗಿಸಿ ತಿರುಗಿಸಿ ಮಾಡುವ ಕ್ರಮವೂ ಅದೇ. ಭಾರ ಮಾತ್ರ ಇದ್ದೇ ಇದೆ, 20-25 ಕೆಜಿ. ಕಾರಿನ ತಲೆಗೆ ಹತ್ತಿಸಲಿಕ್ಕೆ ಇಬ್ಬರು ಬೇಕು. ನನ್ನನ್ನು ಕರೆಯಿರಿ, ಬೆನ್ನು ನೋವಿಲ್ಲದ ದಿನ ಬರ್ತೇನೆ.

ಹಳತು ಸಿಕ್ಕಿದರೆ ಬಿಡಬೇಡಿ. ಆದರೆ ದನದ ಹಲ್ಲು ನೋಡದೆ ದುಡ್ಡು ಕೊಡುವುದುಂಟಾ? ಮೊದಲು ಬೋರಲು ಹಾಕಿಸಿ. ಗೀರುಗಳು ಇರ್ತವೆ, ಅದಕ್ಕೆ ಬೆಲೆ ಇಳಿಸಿ, ಹೆದರಬೇಡಿ. ಹಿಂದಿನ ತುದಿಯ ಅಡಿಭಾಗ ನೋಡಿ, ಸಿಮೆಂಟಿನ ಮೇಲೆ ದರದರ ಎಳೆದದ್ದಾದರೆ ಅಲ್ಲಿ ಸವೆದು ತೆಳ್ಳಗಾಗಿರ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಗೊತ್ತಾಗ್ತದೆ. ಆ ಆರಪಾರ ತೂತುಗಳ ಅಂಚಿಗೆ ಉಗುರು ಆಡಿಸಿ, ಕೂದಲೆಳೆ ಬಿರುಕು ಇದ್ದರೆ ಅಲ್ಲೇ ಇರ್ತದೆ. ಬಣ್ಣ ಮಾಸಿ, ಕೈಯಾಡಿಸಿದರೆ ಬಿಳಿ ಪುಡಿ ಹತ್ತಿದರೆ ಅದು ವರ್ಷಗಟ್ಟಲೆ ಬಿಸಿಲು ತಿಂದ ಪ್ಲಾಸ್ಟಿಕ್, ಬೇಡ. ಕೊನೆಗೆ ತುದಿಯ ಸಣ್ಣ ಬಿರಡೆ ತೆಗೆದು ಎತ್ತಿ ಬಗ್ಗಿಸಿ. ಒಳಗಿಂದ ದೊಳದೊಳ ನೀರು ಬಂದರೆ, ಮಾರುವವ ಎಂತ ಕಥೆ ಹೇಳಿದರೂ, ಚಾ ಕುಡಿದು ವಾಪಸ್ ಬನ್ನಿ. ನಗ್ಗಿದ್ದಕ್ಕೆ ಮಾತ್ರ ತಲೆಕೆಡಿಸಿಕೊಳ್ಳಬೇಡಿ. ಸಣ್ಣ ನಗ್ಗು ಬಿಸಿಲಿಗಿಟ್ಟು ಒಳಗಿಂದ ದೂಡಿದರೆ ಹೆಚ್ಚಾಗಿ ಎದ್ದು ಬರ್ತದೆ.

ಹಾಗೆ ಉಳಿಸಿದ ದುಡ್ಡನ್ನು ಹುಟ್ಟಿಗೆ ಹಾಕಿ. ಇಲ್ಲೇ ಎಲ್ಲರೂ ಜಿಪುಣರಾಗುವುದು. ದೋಣಿಗೆ ಸಾವಿರ ಸಾವಿರ ಕೊಟ್ಟವ, ಜೊತೆಗೆ ಪುಕ್ಕಟೆ ಬಂದ ಅಲ್ಯೂಮಿನಿಯಂ ಕೋಲನ್ನು ಹಿಡಿದು ಹೊರಡ್ತಾನೆ. ಅರೆ, ದೋಣಿಯನ್ನು ಹೊರುವುದು ನೀರು, ಹುಟ್ಟನ್ನು ಹೊರುವುದು ನಿಮ್ಮ ಭುಜ! ನಿಧಾನಕ್ಕೆ ನಿಮಿಷಕ್ಕೆ 50 ಸಲ ಎಳೆದರೂ ಗಂಟೆಗೆ 3000 ಆಯ್ತು. ಆ ಅಗ್ಗದ್ದು 1.2 ಕೆಜಿ, ಫೈಬರ್ ಗ್ಲಾಸಿನದ್ದು 900 ಗ್ರಾಂ ಆಸುಪಾಸು ಅಂತ ಇಟ್ಟುಕೊಳ್ಳಿ. 300 ಗ್ರಾಂ ವ್ಯತ್ಯಾಸವನ್ನು 3000ದಿಂದ ಗುಣಿಸಿ, ನೀವು ಬ್ಯಾಂಕಿನಲ್ಲಿದ್ದವರು. 900 ಕೆಜಿ! 50 ಕೆಜಿಯ 18 ಅಕ್ಕಿಮೂಟೆ. ಪ್ರತಿ ಸಲ ಪೂರ್ತಿ ಎತ್ತುವುದಲ್ಲ, ಒಪ್ಪಿದೆ. ಅರ್ಧ ಅಂತ ಹಿಡಿದರೂ 9 ಮೂಟೆ ಕಡಿಮೆಯಾ? ಕಾರ್ಬನ್ನಿನದ್ದು ಇನ್ನೂ ಹಗುರ, 700 ಗ್ರಾಂ ಹತ್ತಿರ. ಆದರೆ ಕೆಸರಲ್ಲಿ ಊರಿ, ಕಲ್ಲಿಗೆ ಕುಟ್ಟಿ ದೋಣಿ ದೂಡುವ ಅಭ್ಯಾಸ ನಮ್ಮದು, ಅದಕ್ಕೆ ಅದು ಆಗಿಬರುವುದಿಲ್ಲ.

ಉದ್ದಕ್ಕೂ ಒಂದು ಲೆಕ್ಕ ಉಂಟು. 30 ಇಂಚು ಅಗಲದ ದೋಣಿ, ನಿಮ್ಮದು ಐದೂವರೆ ಅಡಿಯ ಮೇಲೆ, 230ರಿಂದ 240 ಸೆಂಟಿಮೀಟರ್. ಅಳಿಯನ ಆ ಸಪೂರ ಕಯಾಕಿಗೆ 210-220 ಸಾಕು. ಕಾಳಿ ನದಿಯವರದ್ದು 200ರ ಒಳಗೇ. ಗಿಡ್ಡ ಆದರೆ ಪ್ರತಿ ಸಲ ಬಾಗಬೇಕು, ದೋಣಿಯ ಅಂಚಿಗೆ ಬೆರಳು ಜಜ್ಜಿಕೊಳ್ಳಬೇಕು. ಎಲೆ, ಅಂದರೆ ನೀರಿಗೆ ಇಳಿಯುವ ಅಗಲದ ಭಾಗ, ದೊಡ್ಡದಿದ್ದರೆ ಬೇಗ ಹೋಗಬಹುದು ಅಂತ ಲೆಕ್ಕ ಹಾಕಬೇಡಿ, ಭುಜ ಕಳಚಿ ಕೈಗೆ ಬರ್ತದೆ. ಸಣ್ಣ ಎಲೆ, ಪುಟ್ಟ ಪುಟ್ಟ ಎಳೆತ. ಮತ್ತೊಂದು, ಎಲೆಯ ಒಂದು ಅಂಚು ಉದ್ದ, ಇನ್ನೊಂದು ಗಿಡ್ಡ ಇರ್ತದೆ. ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ. ತಗ್ಗಿನ ಮುಖ ನಿಮ್ಮ ಕಡೆಗೆ. ಸಾಲಿಗ್ರಾಮದ ಹತ್ತಿರ ಬಾಡಿಗೆ ಕಯಾಕಿಗೆ ಬರುವವರನ್ನು ದಡದಲ್ಲಿ ನಿಂತು ನೋಡಿ, ಅರ್ಧಕ್ಕರ್ಧ ಜನ ಉಲ್ಟಾ ಹಿಡಿದು ಸೆಲ್ಫಿ ತೆಗೆಯುತ್ತಿರ್ತಾರೆ. ಎಲ್ಲಿ ಹಿಡಿಯುವುದು ಅಂತಲೂ ಸಂಶಯ ಬೇಡ: ಹುಟ್ಟನ್ನು ಅಡ್ಡಕ್ಕೆ ತಲೆಯ ಮೇಲಿಡಿ, ಮೊಣಕೈ ನೇರ ಕೋನಕ್ಕೆ ಬರುವ ಹಾಗೆ ಕೈ ಸರಿಸಿ, ಅದೇ ಜಾಗ. ಬೇಲಿ ಮೇಲಿನ ಈ ಕೋಲು ಹಿಡಿದು ನೋಡಿ. ಹ್ಞಾಂ, ಈಗ ಸರಿ.

ಅಳತೆ ಅಂದಾಗ ನೆನಪಾಯ್ತು, ಈ ಕಯಾಕ್ ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರದ್ದಲ್ಲವಾ? ಅಲ್ಲಿ ಮರವೇ ಬೆಳೆಯುವುದಿಲ್ಲ ಅಂದರೂ ನಡೆದೀತು. ಕಡಲಲ್ಲಿ ತೇಲಿ ಬಂದ ಮರದ ತುಂಡು ಹೆಕ್ಕಿ, ಚೌಕಟ್ಟು ಕಟ್ಟಿ, ಮೇಲೆ ಸೀಲ್ ಚರ್ಮ ಹೊಲಿಯುತ್ತಿದ್ದರು. ಬೇಟೆಗಾರ ಎರಡೂ ಕೈ ಚಾಚಿದರೆ ಎಷ್ಟಾಗ್ತದೋ ಅದರ ಮೂರು ಪಟ್ಟು ದೋಣಿಯ ಉದ್ದ. ಹುಟ್ಟು ಒಂದು ಮಾರು, ಒಂದು ಮೊಳ. ಒಬ್ಬನ ಕಯಾಕ್ ಇನ್ನೊಬ್ಬನಿಗೆ ಸರಿಹೊಂದುತ್ತಿರಲಿಲ್ಲ. ಇತ್ತ ನಿಮ್ಮ ಅಳಿಯ ಬೆಂಗಳೂರಿನಲ್ಲಿ ಕೂತು, ನಿಮ್ಮ ಸೊಂಟದ ಸುತ್ತಳತೆ ಕೂಡ ಕೇಳದೆ ಆರ್ಡರ್ ಮಾಡ್ತಾನಂತೆ!

ಜಾಕೆಟ್ಟಿನ ವಿಷಯದಲ್ಲಿ ಮಾತ್ರ ಚೌಕಾಶಿ ಮಾಡಬೇಡಿ. ಫೋಮ್ ತುಂಬಿದ್ದು, ಬೆಲ್ಟ್ ಬಿಗಿದು, ಹೆಗಲ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆಳೆದರೆ ಕಿವಿಯವರೆಗೆ ಏರಬಾರದು. ಏರಿದರೆ ದೊಗಳೆ. ನೀರಿಗಿಳಿದರೆ ಹಾಕಿಕೊಂಡೇ ಇರಿ, ದೋಣಿಯ ಹಿಂದೆ ಕಟ್ಟಿಕೊಂಡು ಹೋಗುವುದಲ್ಲ. ಒಂದು ಸೀಟಿ ಸಿಕ್ಕಿಸಿಕೊಳ್ಳಿ. ಮಳೆಗಾಲದಲ್ಲಿ ಹೊಳೆ ಕಡೆ ತಲೆ ಹಾಕಬೇಡಿ, ಬೆಂಗ್ರೆಯ ಅಳಿವೆ ಕಡೆಗೆ ಯಾವ ಕಾಲದಲ್ಲೂ ಒಬ್ಬರೇ ಹೋಗಬೇಡಿ. ಚಳಿಗಾಲದ ಬೆಳಿಗ್ಗೆ ಗಾಳಿ ಇರುವುದಿಲ್ಲ. ಉಬ್ಬರ ನೋಡಿಕೊಂಡು ಹೊರಡಿ. ಇಳಿತಕ್ಕೆ ಸಿಕ್ಕಿಬಿದ್ದರೆ ಕಾಂಡ್ಲಾ ಬೇರುಗಳ ನಡುವೆ, ಸೊಂಟದವರೆಗಿನ ಕೆಸರಿನಲ್ಲಿ, ನೀರು ವಾಪಸ್ ಬರುವ ತನಕ ಕೂತಿರಬೇಕಾದೀತು.

ಎಂತ, ಅಕ್ಕನೂ ಬರ್ತಾರಂತಾ? ಹಾಗಾದರೆ ಜೋಡಿ ಕಯಾಕ್. ಹೊರದೇಶದವರು ಅದಕ್ಕೆ ತಮಾಷೆಗೆ ವಿಚ್ಛೇದನದ ದೋಣಿ ಅನ್ನುವುದುಂಟು. ಮುಂದೆ ಕೂತವರು ಹೊಡೆದ ಲಯಕ್ಕೆ ಹಿಂದೆ ಕೂತವರು ಹುಟ್ಟು ಹಾಕಬೇಕು, ದಿಕ್ಕು ಹಿಂದಿನವರ ಕೈಯಲ್ಲಿ. ಅಕ್ಕ ಮುಂದೆ ಕೂರಲಿ. ಒಮ್ಮೆಯಾದರೂ ದಿಕ್ಕು ನಿಮ್ಮ ಕೈಗೆ ಬರಲಿ. ಮೊದಲು ಬಾಡಿಗೆಯದ್ದರಲ್ಲಿ ಇಬ್ಬರೂ ಒಂದು ಗಂಟೆ ಕೂತು ನೋಡಿ, ಮಾತು ನಿಲ್ಲದೆ ಮನೆಗೆ ಬಂದರೆ ಆಮೇಲೆ ದುಡ್ಡಿನ ಮಾತು.

ಇಡುವುದೆಲ್ಲಿ ಅಂತ ಯೋಚಿಸಿದ್ದೀರಾ? ಬಿಸಿಲಿಗೆ ಇಡುವ ಹಾಗಿಲ್ಲ, ಎರಡು ತುದಿಗೆ ಹಗ್ಗ ಕಟ್ಟಿ ನೇತುಹಾಕಿದರೆ ನಡು ಬಾಗ್ತದೆ. ಮಗ್ಗುಲಾಗಿ ಗೋಡೆಗೆ ಒರಗಿಸಬೇಕು, ಜೋಡಿಯದ್ದಾದರೆ 12-13 ಅಡಿ ಜಾಗ. ನಿಮ್ಮ ಹಳೇ ಕೊಟ್ಟಿಗೆಯ ಆ ಉದ್ದ ಗೋಡೆ ಹೇಳಿ ಮಾಡಿಸಿದ ಹಾಗುಂಟು. ಆದರೆ ಅಲ್ಲಿ ಅಕ್ಕ ತೆಂಗಿನಕಾಯಿ ರಾಶಿ ಹಾಕಿದ್ದಾರಲ್ಲ ಮಾರಾಯ್ರೆ. ಅದರ ಮಾತುಕತೆ ನೀವೇ ಮುಗಿಸಿಕೊಳ್ಳಿ, ಅದಕ್ಕೆ ನನ್ನನ್ನು ಕರೆಯಬೇಡಿ.